ಐದನೆಯ ಎಲೆ

ನರ್ಸು ಅಕ್ಕನ ಎರಡೂ ಕಣ್ಣಿಗೆ ಮೂರನೆಯ ಸಲ ಹನಿ ಹಾಕಿ, 'ಇನ್ನು ಅರ್ಧ ಗಂಟೆ ಮುಚ್ಕೊಂಡೇ ಇರಿ ಅಮ್ಮ, ಮಧ್ಯೆ ತೆಗೆದು ನೋಡ್ಬೇಡಿ' ಎಂದು ಹೇಳಿ ಹೋದ ಮೇಲೆ ಅವನಿಗೆ ಒಂದು ಬಗೆಯ ಬಿಡುಗಡೆ ಸಿಕ್ಕಂತಾಯಿತು. ನಿನ್ನೆ ಸಂಜೆಯಿಂದ ಅವನು ಅಕ್ಕನ ಮುಖವನ್ನು ನೇರವಾಗಿ ನೋಡಿರಲಿಲ್ಲ. ಈಗ ನೋಡಬಹುದಿತ್ತು; ನೋಡುತ್ತಿರುವುದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. ಗೋಡೆಗೆ ತಲೆ ಆನಿಸಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ ಕೂತಿದ್ದಳು. ರೆಪ್ಪೆಗಳ ಸಂದಿಯಿಂದ ಹಳದಿ ಹನಿಯೊಂದು ಇಳಿದು ಕೆನ್ನೆಯ ಸುಕ್ಕಿನಲ್ಲಿ ನಿಂತಿತ್ತು. ಒರೆಸಬೇಕು ಅನ್ನಿಸಿತು. ಜೇಬಿಗೆ ಕೈ ಹಾಕಿದರೆ ಕರವಸ್ತ್ರದ ಬದಲು ಟೋಕನ್ ಚೀಟಿ ಬಂತು. ಇಪ್ಪತ್ತಮೂರು. ಅವಿಭಾಜ್ಯ ಸಂಖ್ಯೆ, ಮರೆಯುವಂಥದ್ದಲ್ಲ, ಅಂದುಕೊಂಡು ಚೀಟಿಯನ್ನು ಒಳಗಿಟ್ಟ. ಬಾಗಿಲ ಹತ್ತಿರದ ಹುಡುಗಿ ಯಾವುದೋ ಸಂಖ್ಯೆ ಕೂಗಿದಳು. ಅವನು ಮತ್ತೆ ಚೀಟಿ ತೆಗೆದು ನೋಡಿದ. ಎಷ್ಟನೆಯ ಸಲ ನೋಡುತ್ತಿದ್ದೇನೆ ಎಂಬುದನ್ನು ಎಣಿಸುವುದಕ್ಕೆ ಅವನಿಗೆ ಇಷ್ಟವಿರಲಿಲ್ಲ.

ಎದುರಿನ ಗೋಡೆಯ ಮೇಲೆ ಬರಬರುತ್ತ ಚಿಕ್ಕದಾಗುವ ಅಕ್ಷರಗಳ ಫಲಕವಿತ್ತು. ಬೆಂಚಿನ ಆ ಕೊನೆಯಲ್ಲಿ ಒಬ್ಬ ಮುದುಕ ಒಂದು ಕಣ್ಣಿಗೆ ಹತ್ತಿ ಅಂಟಿಸಿಕೊಂಡು ಇನ್ನೊಂದು ಕಣ್ಣಿನಿಂದ ಅವನನ್ನೇ ನೋಡುತ್ತಿದ್ದ. ಈ ಮನುಷ್ಯನೂ ನಿನ್ನೆ ಸಭೆಯಲ್ಲಿದ್ದನೋ ಏನೋ ಎಂಬ ಹುಚ್ಚು ಅನುಮಾನ ಬಂದು ಅವನು ಮುಖ ತಿರುಗಿಸಿದ. ನಿನ್ನೆ ಹಾಲ್ ತುಂಬಿತ್ತು. ಕಾಲೇಜಿನ ಗಣಿತ ಸಂಘದ ವಾರ್ಷಿಕ ಸಭೆಯೆಂದರೆ ಭಾಷಣಕ್ಕೆ ಇಪ್ಪತ್ತು ಜನ, ಅದು ಮುಗಿದ ಮೇಲಿನ 'ಅಕ್ಕ ತಮ್ಮನ ಆಟ'ಕ್ಕೆ ಇನ್ನೂರು ಜನ. ಇದು ಇಪ್ಪತ್ತೈದು ವರ್ಷಗಳಿಂದ ನಡೆದುಬಂದದ್ದು. ಹುಡುಗರು ಅವನಿಗೆ 'ಇಸ್ಪೀಟು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದ ಆ ಹೆಸರು ಕಿವಿಗೆ ಬಿದ್ದಾಗ ಅವನು ಸಿಡುಕಿದಂತೆ ನಟಿಸುತ್ತಿದ್ದ. ಒಳಗೊಳಗೆ ಹಿಗ್ಗುತ್ತಿದ್ದ.

ಆಟ ನೋಡುವುದಕ್ಕೆ ಸರಳ. ಸಭಿಕರಲ್ಲಿ ಯಾರೋ ಒಬ್ಬರು ಐವತ್ತೆರಡು ಎಲೆಗಳ ಕಟ್ಟನ್ನು ಕಲಸಿ, ಮನಸ್ಸಿಗೆ ಬಂದ ಐದು ಎಲೆಗಳನ್ನು ಅಕ್ಕನ ಕೈಗೆ ಕೊಡುತ್ತಾರೆ. ಆ ಹೊತ್ತಿನಲ್ಲಿ ಅವನು ಹಾಲಿನ ಹೊರಗೆ, ಕಾರಿಡಾರಿನ ತುದಿಯಲ್ಲಿರುತ್ತಾನೆ. ಅಕ್ಕ ಐದರಲ್ಲಿ ಒಂದನ್ನು ಕೊಟ್ಟವರ ಜೇಬಿಗೇ ಸೇರಿಸಿ, ಉಳಿದ ನಾಲ್ಕನ್ನು ಒಂದು ಮರದ ಪಟ್ಟಿಯ ಮೇಲೆ ಸಾಲಾಗಿ ನಿಲ್ಲಿಸಿ, ವೇದಿಕೆಯಿಂದಿಳಿದು ಮೊದಲ ಸಾಲಿನ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. ಅವನು ಒಳಗೆ ಬರುತ್ತಾನೆ, ನಾಲ್ಕು ಎಲೆಗಳನ್ನು ನೋಡುತ್ತಾನೆ, ಜೇಬಿನಲ್ಲಿರುವ ಐದನೆಯ ಎಲೆ ಯಾವುದೆಂದು ಹೇಳುತ್ತಾನೆ. ಸನ್ನೆಯಿಲ್ಲ, ಕೆಮ್ಮಿಲ್ಲ, ಎಲೆಯ ಬೆನ್ನಿಗೆ ಗುರುತಿಲ್ಲ. ಇರುವುದೆಲ್ಲ ಲೆಕ್ಕ. ಐದು ಎಲೆಗಳಲ್ಲಿ ಎರಡಾದರೂ ಒಂದೇ ಜಾತಿಯವು ಇದ್ದೇ ಇರುತ್ತವೆ, ಇಸ್ಪೀಟೋ ಆಟೀನೋ ಡೈಮಂಡೋ ಕಳಾವರೋ. ಅವೆರಡರಲ್ಲಿ ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಸಾಲಿನ ಮೊದಲಿಗೆ ನಿಲ್ಲಿಸಿದರೆ ಬಚ್ಚಿಟ್ಟದ್ದರ ಜಾತಿ ತಿಳಿಯಿತು. ಮಿಕ್ಕ ಮೂರರಲ್ಲಿ ಒಂದು ಚಿಕ್ಕದು, ಒಂದು ನಡುವಿನದು, ಒಂದು ದೊಡ್ಡದು; ಅವನ್ನು ಆರು ಬಗೆಯಲ್ಲಿ ಸಾಲಾಗಿ ಇಡಬಹುದು. ಯಾವ ಬಗೆಯಲ್ಲಿ ಇಟ್ಟಿದ್ದಾಳೆ ಎಂಬುದರ ಮೇಲೆ ಮೊದಲ ಎಲೆಯಿಂದ ಎಷ್ಟು ಹೆಜ್ಜೆ ಮುಂದೆ ಹೋಗಬೇಕೆಂದು ತಿಳಿಯುತ್ತದೆ, ಒಂದರಿಂದ ಆರರ ತನಕ. ರಾಜ ದಾಟಿದರೆ ಮತ್ತೆ ಎಕ್ಕದಿಂದ ಎಣಿಕೆ. ಅಷ್ಟೇ. ಯಾವುದನ್ನು ಬಚ್ಚಿಡಬೇಕು, ಯಾವುದು ಮೊದಲು, ಮಿಕ್ಕವು ಯಾವ ಕ್ರಮದಲ್ಲಿ ಎಂಬುದನ್ನೆಲ್ಲ ಅಕ್ಕ ಇನ್ನೂರು ಜನರ ಕಣ್ಣೆದುರು, ನಗುನಗುತ್ತ ಏನೋ ಮಾತಾಡುತ್ತ, ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕು. ಯೋಚನೆಯೆಲ್ಲ ಅವಳದು. ಅವನದು ಬರೀ ಓದುವ ಕೆಲಸ. ಆದರೆ ನೋಡುವವರಿಗೆ ಅವಳು ಎಲೆ ಜೋಡಿಸಿಡುವ ಹೆಂಗಸು, ಅವನು ಮನಸ್ಸನ್ನು ಓದುವ ಮಾಂತ್ರಿಕ. ಚಪ್ಪಾಳೆ ಬೀಳುತ್ತಿದ್ದುದು ಅವನಿಗೆ. ಬಾಗಿ ನಮಸ್ಕಾರ ಮಾಡಿ, ಅಕ್ಕನ ಕಡೆ ಉದಾರವಾಗಿ ಒಂದು ಕೈ ಚಾಚುತ್ತಿದ್ದ. ಅವಳು ಕುರ್ಚಿಯಿಂದ ಅರ್ಧ ಎದ್ದು ಕೂರುತ್ತಿದ್ದಳು.

ಈ ಲೆಕ್ಕವನ್ನು ಅವನಿಗೆ ಕಲಿಸಿದವಳೂ ಅಕ್ಕನೇ. ಅವಳು ಹೈಸ್ಕೂಲಿನ ಗಣಿತದ ಟೀಚರು, ಅವನಿಗಿಂತ ಎಂಟು ವರ್ಷ ದೊಡ್ಡವಳು. ಅಡುಗೆಮನೆಯ ಮೇಜಿನ ಮೇಲೆ, ತಿದ್ದಿ ಮುಗಿಸಿದ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ, ಆರು ಬಗೆಯ ಕೋಷ್ಟಕವನ್ನು ಗೀಟು ಹಾಕಿ ಬರೆದು ತೋರಿಸಿದ್ದಳು. ಭಾವ ತೀರಿಕೊಂಡ ಮೇಲೆ ಅವಳು ಇವನ ಮನೆಗೇ ಬಂದು ಉಳಿದಳು. ಮದುವೆಯಾಗದ ಇವನಿಗೂ ಅದು ಅನುಕೂಲವೇ ಆಯಿತು. ಒಮ್ಮೆ ಅವನು ಆಟದ ಗಣಿತವನ್ನು ವಿವರಿಸಿ ಒಂದು ಪತ್ರಿಕೆಗೆ ಲೇಖನ ಬರೆದ. ಅದರಲ್ಲಿ ಅಕ್ಕ ಎರಡು ಕಡೆ 'ಸಹಾಯಕಿ' ಎಂದು ಬಂದಿದ್ದಳು. ಅಚ್ಚಾಗಿ ಬಂದದ್ದನ್ನು ಅವಳು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯ ತನಕ ಓದಿ, 'ಚೆನ್ನಾಗಿದೆ. ಎರಡನೇ ಪುಟದಲ್ಲಿ ಒಂದು ಕಡೆ ಐದು ಅನ್ನೋ ಕಡೆ ಆರು ಅಂತ ಬಿದ್ದಿದೆ ನೋಡು' ಎಂದಿದ್ದಳು. ಆ ಮಾತಿನಲ್ಲಿ ಏನಾದರೂ ಇತ್ತೇ ಎಂದು ಅವನು ಹಲವು ವರ್ಷ ಹುಡುಕಿದ್ದ. ಏನೂ ಇರಲಿಲ್ಲ. ಐದು ಅನ್ನುವ ಕಡೆ ಆರು ಎಂದು ಬಿದ್ದಿತ್ತು, ಅಷ್ಟೇ. ಅದೇ ಅವನನ್ನು ಇನ್ನಷ್ಟು ಚುಚ್ಚುತ್ತಿತ್ತು.

ನಿನ್ನೆ ಕಾರಿಡಾರಿನಿಂದ ಒಳಗೆ ಬಂದಾಗ ಪಟ್ಟಿಯ ಮೇಲೆ ನಾಲ್ಕು ಎಲೆಗಳು ನಿಂತಿದ್ದವು. ಮೊದಲನೆಯದು ಡೈಮಂಡ್. ಸರಿ, ಜಾತಿ ಡೈಮಂಡ್. ಮಿಕ್ಕ ಮೂರನ್ನು ನೋಡಿದ. ಅವು ಸುಮ್ಮನೆ ಮೂರು ಎಲೆಗಳಾಗಿ ನಿಂತಿದ್ದವು, ಗುರುತಿಲ್ಲದವರ ಮನೆಯ ಗೋಡೆಯ ಮೇಲಿನ ಫೋಟೋಗಳ ಹಾಗೆ. ಅಂಕಿಗಳು ಕಾಣುತ್ತಿದ್ದವು; ಅವುಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದೂ ತಿಳಿಯುತ್ತಿತ್ತು; ಆದರೆ ಅದರಿಂದ ಮುಂದೆ ಏನು ಮಾಡಬೇಕು ಎಂಬಲ್ಲಿ ಕಾಲ ಕೆಳಗಿನ ಮೆಟ್ಟಿಲು ಇಲ್ಲದಂತಾಯಿತು. ದೀಪ ಜಾಸ್ತಿಯಾಯಿತು ಎಂದುಕೊಂಡ. ಮೈಕು ಹಿಡಿದು ಏನೇನೋ ತಮಾಷೆ ಮಾಡಿದ, ಎಲೆ ಬಚ್ಚಿಟ್ಟುಕೊಂಡಿದ್ದ ರಸಾಯನಶಾಸ್ತ್ರದ ಮೇಷ್ಟರ ನಾಡಿ ಹಿಡಿದು ನೋಡಿದ, ಜನ ನಕ್ಕರು. ಹೊತ್ತು ಸಿಕ್ಕಿತು. ಸಿಕ್ಕ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು, ಲೆಕ್ಕ ಹಾಕಿಯೇ ಬಂದದ್ದು ಎಂದು ತನಗೂ ಅನ್ನಿಸುವ ಹಾಗೆ, ಗಟ್ಟಿಯಾಗಿ ಹೇಳಿದ: 'ಡೈಮಂಡ್ ಎಕ್ಕ!'

ರಸಾಯನಶಾಸ್ತ್ರದ ಮೇಷ್ಟರು ಜೇಬಿನಿಂದ ಎಲೆ ತೆಗೆದು, ತಾವೇ ತಪ್ಪು ಮಾಡಿದವರಂತೆ ಹಿಂಜರಿಯುತ್ತ ಎತ್ತಿ ಹಿಡಿದರು. ಡೈಮಂಡ್ ಎರಡು. ಹಿಂದಿನ ಸಾಲಿನಿಂದ ಯಾರೋ 'ಅಯ್ಯೋ' ಎಂದರು. ಆ ಪುಟ್ಟ 'ಅಯ್ಯೋ'ದಲ್ಲಿದ್ದ ಕನಿಕರವನ್ನು ಅವನಿಂದ ತಡೆಯಲಾಗಲಿಲ್ಲ. ಜಾದೂ ಕಲಿಯುವವನ ಮೊದಲ ಪಾಠವೇ ಅದು, ಕೆಲಸ ಕೆಟ್ಟಾಗ ಜನರ ಕಣ್ಣನ್ನು ಬೇರೆ ಕಡೆ ತಿರುಗಿಸು. ಅವನು ಮೊದಲ ಸಾಲಿನ ಕಡೆ ಕೈ ತೋರಿಸಿ ಮೈಕಿನಲ್ಲಿ ಅಂದ: 'ಏನ್ಮಾಡೋದು, ನಮ್ಮಕ್ಕನಿಗೆ ಈಗೀಗ ಎರಡೂ ಒಂದಾಗೇ ಕಾಣುತ್ತೆ!' ಹಾಲ್ ಹೋ ಎಂದು ನಕ್ಕಿತು. ಅಕ್ಕ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಅದನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡುವ ನಾಟಕ ಮಾಡಿ, 'ಹೌದಪ್ಪಾ, ನಂದೇ ತಪ್ಪು, ನಂದೇ ತಪ್ಪು' ಎಂದಳು. ನಗು ಇನ್ನೂ ಜೋರಾಯಿತು. ಅಷ್ಟು ದೊಡ್ಡ ಚಪ್ಪಾಳೆ ಆಟ ಸರಿಹೋದ ದಿನಗಳಲ್ಲೂ ಬಿದ್ದಿರಲಿಲ್ಲ.

ತಪ್ಪು ಅಕ್ಕನದೇ ಎಂದು ಅವನು ಆಗ ನಂಬಿದ್ದನೇ? ನಂಬಿದ್ದ. ನಂಬದೆ ಬಾಯಿಂದ ಅಂಥ ಮಾತು ಬರುತ್ತಿತ್ತೇ? ಬರುತ್ತಿತ್ತು. ಬೆಂಚಿನ ಮೇಲೆ ಕೂತು ಅವನು ಈ ಎರಡು ಉತ್ತರಗಳ ನಡುವೆ ಓಡಾಡಿದ. ಸಭೆ ಮುಗಿದ ಮೇಲೆ ಅವನ ಶಿಷ್ಯೆ ಓಡಿಬಂದಿದ್ದಳು. ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿರುವವಳು, ಅದೇ ಕಾಲೇಜಿನಲ್ಲಿ ಪಾಠ ಹೇಳುವವಳು, ಅಕ್ಕನನ್ನು ತುಂಬ ಹಚ್ಚಿಕೊಂಡವಳು. 'ಕಣ್ಣಿನ ವಿಷಯ ಸರ್, ತಡ ಮಾಡಬಾರದು, ನಮ್ಮ ಪರಿಚಯದವರ ಕ್ಲಿನಿಕ್ ಇದೆ' ಎಂದು ಅಲ್ಲೇ ಫೋನ್ ಮಾಡಿ ಸಮಯ ಗೊತ್ತುಮಾಡಿದ್ದಳು. ಬೆಳಿಗ್ಗೆ ತನ್ನ ಕಾರಿನಲ್ಲೇ ತಂದು ಬಿಟ್ಟುಹೋಗಿದ್ದಳು. ದಾರಿಯಲ್ಲಿ ಹಿಂಜರಿಯುತ್ತಲೇ ಕೇಳಿದ್ದಳು: 'ಮೂರನೇ ಅಧ್ಯಾಯ ನೋಡೋಕಾಯ್ತಾ ಸರ್?' 'ನೋಡ್ತಾ ಇದೀನಮ್ಮ. ಚೆನ್ನಾಗಿದೆ. ಒಂದೆರಡು ಕಡೆ ಗುರುತು ಹಾಕಿದೀನಿ.' ಅವನು ಗುರುತು ಹಾಕಿದ್ದು ನಿಜ. ಆರು ವಾರದಿಂದ ಅದೇ ನಾಲ್ಕನೆಯ ಪುಟದಲ್ಲಿ ಅದೇ ಸಾಲಿನ ಕೆಳಗೆ ಗೀಟು ಹಾಕುತ್ತಿದ್ದ. ಪ್ರತಿ ಸಲವೂ ಐದನೆಯ ಪುಟಕ್ಕೆ ಹೋಗುವಷ್ಟರಲ್ಲಿ ನಾಲ್ಕನೆಯದು ಕೈಯಿಂದ ಜಾರುತ್ತಿತ್ತು. ತರಗತಿಯಲ್ಲಿ ಪ್ರಮೇಯದ ನಡುವೆ ನಿಂತುಹೋದಾಗ ಸೀಮೆಸುಣ್ಣವನ್ನು ಹುಡುಗರ ಕಡೆ ಚಾಚಿ, 'ಮುಂದಿಂದು ಯಾರು ಹೇಳ್ತೀರಿ?' ಅನ್ನುತ್ತಿದ್ದ. ಇತ್ತೀಚೆಗೆ ಸರ್ ತುಂಬ ಚೆನ್ನಾಗಿ ಪಾಠ ಮಾಡುತ್ತಾರೆ, ನಮ್ಮ ಕೈಲೇ ಮಾಡಿಸುತ್ತಾರೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಅವನು ಸುಸ್ತು ಅನ್ನುತ್ತಿದ್ದ. ವಯಸ್ಸು ಅನ್ನುತ್ತಿದ್ದ. ಐವತ್ತೆಂಟು ಏನು ಮಹಾ ವಯಸ್ಸು ಎಂದು ತಾನೇ ತಿರುಗಿ ಕೇಳಿಕೊಂಡು ಸುಮ್ಮನಾಗುತ್ತಿದ್ದ.

'ಇಪ್ಪತ್ತಮೂರು! ಇಪ್ಪತ್ತಮೂರು ಯಾರ್ರೀ?' ಹುಡುಗಿ ಎರಡನೆಯ ಸಲ ಕೂಗಿದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡೇ ಅವನ ಮೊಣಕೈ ಮುಟ್ಟಿದಳು. 'ನಮ್ದೇ ಅಲ್ವೇನೋ?'

ಡಾಕ್ಟರು ಅಕ್ಕನ ಗಲ್ಲವನ್ನು ಯಂತ್ರದ ಮೇಲಿಡಿಸಿ, ದೀಪ ಬಿಟ್ಟು, ಒಂದೊಂದು ಕಣ್ಣಿನೊಳಗೂ ಬಹಳ ಹೊತ್ತು ಇಣುಕಿದರು. ಕತ್ತಲ ಕೋಣೆ. ಅವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಪೊರೆ ಅಂದುಬಿಡಲಿ, ಎಂದು ಒಳಗೆ ಯಾವುದೋ ಬೇಡಿಕೊಳ್ಳುತ್ತಿತ್ತು. ದೊಡ್ಡದೇನೂ ಬೇಡ, ತೆಗೆಸಿಬಿಡಬಹುದಾದಂಥ ಒಂದು ಪೊರೆ. ತನ್ನ ಪ್ರಾರ್ಥನೆ ತನಗೇ ಕೇಳಿಸಿ ಅವನು ಸ್ಟೂಲನ್ನು ಇನ್ನಷ್ಟು ಬಾಗಿಲ ಕಡೆಗೆ ಸರಿಸಿಕೊಂಡ.

'ಅರವತ್ತಾರು ವರ್ಷದ ಕಣ್ಣು ಅಂತ ಹೇಳೋಕೇ ಆಗಲ್ಲ' ಎಂದು ಡಾಕ್ಟರು ದೀಪ ಹಾಕಿದರು. 'ಏನೂ ತೊಂದ್ರೆ ಇಲ್ಲ. ಪೊರೆ ಇಲ್ಲ, ಒತ್ತಡ ಸರಿಯಾಗಿದೆ, ನರ ಚೆನ್ನಾಗಿದೆ.'

'ಆದ್ರೆ ಡಾಕ್ಟ್ರೇ, ನಿನ್ನೆ ಇವಳಿಗೆ...' ಅವನ ದನಿ ಯಾಕೋ ಏರಿತು. 'ನಿನ್ನೆ ಇವಳಿಗೆ ಎಲೆ ಮೇಲಿನ ಅಂಕಿ ಸರಿಯಾಗಿ ಕಾಣ್ಲಿಲ್ಲ. ಸರಿಯಾಗಿ ನೋಡಿ ದಯವಿಟ್ಟು.'

'ಹನಿ ಹಾಕೋಕೆ ಮುಂಚೆ ಫಲಕದ ಕೊನೇ ಸಾಲನ್ನೂ ಒಂದಕ್ಷರ ತಪ್ಪಿಲ್ದೆ ಓದಿದಾರಲ್ಲ ಸರ್.'

'ನಿನ್ನೆ ದೀಪ ಕಣ್ಣಿಗೆ ಹೊಡೀತಿತ್ತು ಡಾಕ್ಟ್ರೇ, ಅದಕ್ಕೇ' ಎಂದು ಅಕ್ಕ ಅವಸರ ಅವಸರವಾಗಿ ಅಂದಳು. 'ಇವನು ಸುಮ್ನೆ ಗಾಬರಿ ಬೀಳ್ತಾನೆ.'

ಆ ಅವಸರ ಅವನಿಗೆ ಗೊತ್ತಿತ್ತು. ಅವನು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ದಿನ ಅಪ್ಪನ ಎದುರು ಅಕ್ಕ ಹೀಗೇ ಮಾತಾಡುತ್ತಿದ್ದಳು. ಪೇಪರೇ ಕಷ್ಟವಿತ್ತು ಅಪ್ಪ, ಎಲ್ಲರಿಗೂ ಕಡಿಮೆಯೇ ಬಂದಿದೆ. ಹೇಳುತ್ತ ಅವಳು ಅವನಿಗೂ ಅಪ್ಪನಿಗೂ ನಡುವೆ ಬಂದು ನಿಲ್ಲುತ್ತಿದ್ದಳು.

ಹೊರಗೆ ಬಿಸಿಲು ಬಿರುಸಾಗಿತ್ತು. ಹಿಗ್ಗಿದ ಪಾಪೆಗಳಿಗೆ ಬೆಳಕು ತಾಗಿ ಅಕ್ಕ ಕೈಯನ್ನು ಹಣೆಗೆ ಅಡ್ಡ ಹಿಡಿದಳು. ಇನ್ನು ನಾಲ್ಕು ಗಂಟೆ ಎಲ್ಲ ಮಂಜು ಮಂಜು ಎಂದು ನರ್ಸು ಹೇಳಿದ್ದಳು. ಅವನು ಅವಳ ತೋಳು ಹಿಡಿದು ಕಾಂಪೌಂಡಿನೊಳಗೇ ಮರದ ಕೆಳಗಿದ್ದ ಸಿಮೆಂಟಿನ ಬೆಂಚಿನ ತನಕ ಕರೆದುಕೊಂಡು ಹೋಗಿ ಕೂರಿಸಿದ. ತಾನೂ ಕೂತ. ಪಕ್ಕದಲ್ಲಿ ಒಬ್ಬಳು ಹೆಂಗಸು ನೆಲ ಗುಡಿಸುತ್ತಿದ್ದಳು. ಅವಳು ಆ ಕಡೆ ಹೋಗುವ ತನಕ ಕಾದು ಕೇಳಿದ.

'ನಿನ್ನೆ ಆ ನಾಲ್ಕು ಎಲೆ ಯಾವುದು?'

'ಯಾವ ಎಲೆ?'

'ಅಕ್ಕಾ.'

'ಈಗ್ಯಾಕೋ ಅದೆಲ್ಲ? ನಂದೇ ತಪ್ಪು ಅಂದ್ನಲ್ಲ. ಎಲ್ರೂ ನಕ್ಕಿದ್ದೂ ಆಯ್ತು.'

'ನಿಂಗೆ ನೆನಪಿದೆ. ಹೇಳು.'

ಅವಳು ಕೈಚೀಲವನ್ನು ತೊಡೆಯ ಮೇಲೆ ನೇರ ಮಾಡಿಟ್ಟುಕೊಂಡಳು. ಆಮೇಲೆ, ತರಗತಿಯಲ್ಲಿ ಉಕ್ತಲೇಖನ ಹೇಳುವವಳ ಹಾಗೆ, ಒಂದೊಂದನ್ನೇ ಬಿಡಿಸಿ ಹೇಳಿದಳು. 'ಡೈಮಂಡ್ ಗುಲಾಮ. ಇಸ್ಪೀಟು ಆರು. ಆಟೀನು ರಾಜ. ಕಳಾವರ್ ಮೂರು.'

ಅವನು ಕಣ್ಣು ಮುಚ್ಚಿದ. ಡೈಮಂಡ್. ಗುಲಾಮನಿಂದ ಶುರು. ಆರು, ರಾಜ, ಮೂರು. ಮೂರು ಚಿಕ್ಕದು, ರಾಜ ದೊಡ್ಡದು, ಆರು ನಡುವಿನದು. ನಡುವಿನದು, ದೊಡ್ಡದು, ಚಿಕ್ಕದು. ಅಂದರೆ? ಅಡುಗೆಮನೆಯ ಮೇಜು ಕಂಡಿತು, ಉತ್ತರಪತ್ರಿಕೆಯ ಹಿಂಬದಿ ಕಂಡಿತು, ಅಕ್ಕ ಎಳೆದ ಗೀಟುಗಳು ಕಂಡವು, ಗೀಟುಗಳ ನಡುವಿನ ಮನೆಗಳು ಖಾಲಿಯಿದ್ದವು. ಎರಡು ಹೆಜ್ಜೆ ಇರಬೇಕು. ರಾಣಿ, ರಾಜ. 'ಡೈಮಂಡ್ ರಾಜ' ಎಂದ. 'ತಡಿ. ಮೂರು. ರಾಣಿ, ರಾಜ, ಎಕ್ಕ. ಎಕ್ಕ ಸರಿ ಅಲ್ವಾ? ನಿನ್ನೆ ನಾ ಹೇಳಿದ್ದು ಸರಿ.' ಅಕ್ಕ ಏನೂ ಹೇಳಲಿಲ್ಲ. ಅವನು ಬೆರಳು ಮಡಿಸಿ ಮತ್ತೆ ಶುರುಮಾಡಿದ. ಶುರುಮಾಡುವಾಗ ಎರಡನೆಯ ಎಲೆ ಯಾವುದೆಂಬುದೇ ಇಲ್ಲವಾಯಿತು. ಇಸ್ಪೀಟು ಎಂಬುದಿತ್ತು, ಅಂಕಿ ಇರಲಿಲ್ಲ. 'ಇನ್ನೊಂದ್ಸಲ ಹೇಳು' ಎಂದ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

'ನಾಲ್ಕು ಹೆಜ್ಜೆ' ಎಂದಳು ಅಕ್ಕ ಮೆಲ್ಲಗೆ. 'ರಾಣಿ, ರಾಜ, ಎಕ್ಕ, ಎರಡು. ಡೈಮಂಡ್ ಎರಡು.'

ಗುಡಿಸುವ ಹೆಂಗಸು ಗೇಟಿನ ಹತ್ತಿರ ಯಾರೊಂದಿಗೋ ಜಗಳಕ್ಕೆ ನಿಂತಿದ್ದಳು. ಆ ಜಗಳದ ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನೂರು ಜನ ನಕ್ಕಿದ್ದು ಕೇಳಿಸಿತು. ಕನ್ನಡಕವನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿದ ಅಕ್ಕ ಕಂಡಳು. ಅವಳಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತು ನಗಿಸಿದ್ದಳು.

'ಯಾವಾಗಿಂದ ಗೊತ್ತು?'

'ಬಿಡೋ.'

'ಯಾವಾಗಿಂದ?'

'ಎರಡು ವರ್ಷ ಆಯ್ತು.' ಅವಳು ಕೈಚೀಲದ ಹಿಡಿಯನ್ನು ತಿರುವುತ್ತಿದ್ದಳು. 'ಆ ಲೈಬ್ರರಿಯಲ್ಲಿ ಆಟ ಇತ್ತಲ್ಲ. ನೀನು ಎಲ್ಲ ಚೆನ್ನಾಗೇ ಹೇಳ್ದೆ. ಮೂರೂ ಸಲ ಸರಿ ಹೇಳ್ದೆ. ವಾಪಸ್ ಬರ್ತಾ ದಾರೀಲಿ ನನ್ನ ಕೇಳ್ದೆ, ಅಕ್ಕಾ ಆಟ ಎಷ್ಟು ಗಂಟೆಗೆ ಶುರು, ಅಂತ. ನಾನು ತಮಾಷೆ ಅನ್ಕೊಂಡೆ. ನಿನ್ನ ಮುಖ ನೋಡಿದ್ರೆ ತಮಾಷೆ ಇರ್ಲಿಲ್ಲ. ಮುಗೀತಲ್ಲೋ ಅಂದೆ. ನೀನು, ಓ ಹೌದಲ್ವಾ, ಅಂದ್ಬಿಟ್ಟೆ. ಅಷ್ಟೇ.'

'ಆಮೇಲೆ?'

'ಆಮೇಲೆ ಸ್ವಲ್ಪ ಸುಲಭ ಮಾಡ್ಕೊಂಡೆ. ಐದು ಎಲೇಲಿ ಎಷ್ಟೋ ಸಲ ಎರಡು ಜೋಡಿ ಇರುತ್ತೆ, ಒಂದೇ ಜಾತೀದು ಮೂರಿರುತ್ತೆ. ಯಾವುದು ಹತ್ರ ಇದ್ಯೋ, ಒಂದೋ ಎರಡೋ ಹೆಜ್ಜೇದು, ಅದನ್ನೇ ಆರಿಸ್ಕೊಳ್ತಿದ್ದೆ. ರಾಜನ್ನ ದಾಟೋದನ್ನ ಕೊಡ್ತಾನೇ ಇರ್ಲಿಲ್ಲ. ನಿನ್ನೆ ಬೇರೆ ದಾರಿ ಇರ್ಲಿಲ್ಲ ಕಣೋ. ಡೈಮಂಡ್ ಜೋಡಿ ಬಿಟ್ರೆ ಮಿಕ್ಕ ಜಾತೀದೆಲ್ಲ ಒಂದೊಂದೇ. ಗುಲಾಮನಿಂದ ಎರಡಕ್ಕೆ ಹೋಗ್ಲೇಬೇಕಿತ್ತು. ಎಲೆ ಕೈಗೆ ಬಂದ ತಕ್ಷಣ ಎದೆ ಧಸಕ್ಕಂತು.'

ಅವನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ವರ್ಷ ಅವನು ಬಾಗಿ ಬಾಗಿ ನಮಸ್ಕಾರ ಮಾಡಿ ಪಡೆದ ಒಂದೊಂದು ಚಪ್ಪಾಳೆಯನ್ನೂ ಯಾರೋ ಮೈಮೇಲಿಂದ ಸುಲಿದುಕೊಳ್ಳುತ್ತಿದ್ದಂತಿತ್ತು. 'ಅಂದ್ರೆ ಎರಡು ವರ್ಷ ನನ್ನ ಮಗೂ ಥರ ಆಡಿಸ್ದೆ. ಎಣಿಸೋಕೆ ಬರದ ಮಗೂಗೆ ಒಂದು ಎರಡು ಕೊಟ್ಟ ಹಾಗೆ ಕೊಟ್ಟೆ. ನಾನು ದೊಡ್ಡ ಮಾಂತ್ರಿಕ ಅಂತ ಮೆರೀತಿದ್ರೆ ಕೂತ್ಕೊಂಡು ನೋಡ್ದೆ.'

'ಆಡಿಸ್ಲಿಲ್ಲ ಕಣೋ' ಎಂದಳು ಅಕ್ಕ. ಅವಳ ದನಿಯಲ್ಲಿ ಮೊದಲ ಸಲ ನೋವು ಕಂಡಿತು. 'ಆಡ್ದೆ. ನಂಗೂ ಇದ್ದಿದ್ದು ಅದೊಂದೇ ಆಟ.'

ಅವನು ಇಷ್ಟು ವರ್ಷ ಅಕ್ಕ ತನಗಾಗಿ ಬರುತ್ತಾಳೆ ಎಂದುಕೊಂಡಿದ್ದ. ಮನೆಗೆಲಸ ಮುಗಿಸಿ, ಮೊಣಕಾಲು ನೋವಿನಲ್ಲೂ, ತಮ್ಮನ ಹುಚ್ಚಿಗೆ ಜೊತೆ ಕೊಡುತ್ತಾಳೆ ಎಂದುಕೊಂಡಿದ್ದ. ಐದು ಎಲೆಗಳನ್ನು ಕೈಗೆ ತೆಗೆದುಕೊಂಡಾಗ ಅವಳ ಮುಖ ಹೇಗಿರುತ್ತದೆಂಬುದು ಇನ್ನೂರು ಜನರಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನು ಯಾವಾಗಲೂ ಬಾಗಿಲ ಹೊರಗಿದ್ದ.

'ಯಾರಿಗೂ ಗೊತ್ತಿಲ್ಲ' ಎಂದಳು ಅವಳು. 'ಎಲ್ರೂ ನನ್ನ ಕಣ್ಣು ಅಂತಾನೇ ತಿಳ್ಕೊಂಡಿದಾರೆ. ಇರ್ಲಿ ಬಿಡು. ನನ್ನ ಕಣ್ಣೇ ಇರ್ಲಿ. ಇವತ್ತು ಒಳಗೆ ಕೊನೇ ಸಾಲು ಬೇಕಂತ್ಲೇ ತಪ್ಪು ಓದೋಣ ಅಂದ್ಕೊಂಡೆ. ಬಾಯೇ ಬರ್ಲಿಲ್ಲ. ಎದುರಿಗೆ ಸರಿಯಾಗಿ ಕಾಣ್ತಿರೋದನ್ನ ತಪ್ಪು ಓದೋದು ಹೇಗೋ?' ಅವಳು ನಗಲು ಹೋದಳು. 'ನಿನ್ನ ಡಾಕ್ಟ್ರಿಗೆ ತೋರ್ಸೋಣ. ಬೇರೆ ಊರಲ್ಲಿ, ಗುರುತಿಲ್ಲದ ಕಡೆ. ಕಾಲೇಜಿಗೆ ಒಂದು ವರ್ಷ ರಜಾ ಹಾಕು. ಅಕ್ಕನ ಕಣ್ಣು ನೋಡ್ಕೋಬೇಕು ಅಂತ ಬರ್ಕೊಡು.'

ಅವನಿಗೆ ಆಶೆಯಾಯಿತು. ನಾಚಿಕೆಯಿಲ್ಲದ ಆಶೆ. ಆ ಒಂದು ವಾಕ್ಯದ ಕೆಳಗೆ ಹೋಗಿ ಮಲಗಿಬಿಡಬಹುದಿತ್ತು. ಎಲ್ಲ ಸರಿಹೊಂದುತ್ತಿತ್ತು: ರಜೆಯ ಅರ್ಜಿ, ಸಹೋದ್ಯೋಗಿಗಳ ಸಹಾನುಭೂತಿ, ಅಕ್ಕನಿಗಾಗಿ ಬದುಕು ಮುಡಿಪಿಟ್ಟ ತಮ್ಮ ಎಂಬ ಹೊಸದೊಂದು ಹೆಸರು. ಅಕ್ಕನಂತೂ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ತಡವಿಕೊಂಡು, ಸಾಯುವ ತನಕ ಆ ನಾಟಕವನ್ನು ಚಾಚೂ ತಪ್ಪದೆ ಆಡುತ್ತಿದ್ದಳು. ಅವನಿಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಶಿಷ್ಯೆ.

'ಏನಂದ್ರು ಸರ್ ಡಾಕ್ಟ್ರು? ಕ್ಲಾಸ್ ಬಿಟ್ಟ ತಕ್ಷಣ ಮಾಡ್ತಿದೀನಿ. ಪೊರೇನಾ?'

ಅಕ್ಕ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿ, ಹೂಂ ಅನ್ನು, ಎಂಬಂತೆ ತಲೆಯಾಡಿಸಿದಳು.

'ಅಕ್ಕನ ಕಣ್ಣು ಚೆನ್ನಾಗಿದೆ' ಎಂದ ಅವನು. 'ಏನೂ ಆಗಿಲ್ಲ. ನಿನ್ನೆ ಅವಳು ಸರಿಯಾಗೇ ಇಟ್ಟಿದ್ಳು. ತಪ್ಪು ಹೇಳಿದ್ದು ನಾನು.'

ಆ ಕಡೆಯಿಂದ ನಗು ಬಂತು, ಪ್ರೀತಿಯ ನಗು. 'ಬಿಡಿ ಸರ್, ಅಕ್ಕನಿಗೆ ಬೇಜಾರಾಗ್ಬಾರ್ದು ಅಂತ ಹಾಗೆ ಹೇಳ್ತಿದೀರಿ. ನೀವು ತಪ್ಪು ಹೇಳೋದುಂಟಾ?'

ಅವನು ಇಷ್ಟು ವರ್ಷ ಜನರ ಕಣ್ಣು ತಿರುಗಿಸಿದ್ದು ಎಷ್ಟು ಚೆನ್ನಾಗಿ ಫಲಿಸಿತ್ತೆಂದರೆ ಈಗ ಬರಿಗೈ ತೋರಿಸಿದರೂ ಅವರಿಗೆ ಕಾಣುತ್ತಿರಲಿಲ್ಲ. ಇಲ್ಲಿಗೆ ನಿಲ್ಲಿಸಬಹುದಿತ್ತು. ಹೇಳಿದೆ, ನಂಬಲಿಲ್ಲ, ನನ್ನದೇನು ತಪ್ಪು ಎಂದುಕೊಂಡು ಫೋನ್ ಇಡಬಹುದಿತ್ತು. ಅಕ್ಕನ ಕೈ ಅವನ ಮಣಿಕಟ್ಟಿನ ಮೇಲಿತ್ತು, ಸಾಕು ಎಂಬಂತೆ ಒತ್ತುತ್ತಿತ್ತು.

'ಕೇಳಮ್ಮ' ಎಂದ. 'ನಿನ್ನ ಮೂರನೇ ಅಧ್ಯಾಯ ನಾನು ಓದಿಲ್ಲ. ಓದಿದೀನಿ ಅಂದಿದ್ದು ಸುಳ್ಳು. ಆರು ವಾರದಿಂದ ನಾಲ್ಕನೇ ಪುಟದಲ್ಲೇ ಇದೀನಿ. ಓದೋಕಾಗ್ತಿಲ್ಲ. ಎರಡನೇ ಅಧ್ಯಾಯಕ್ಕೆ ಸರಿ ಇದೆ ಅಂತ ಸಹಿ ಹಾಕಿದ್ನಲ್ಲ, ಅದೂ ಅರ್ಥ ಆಗಿ ಹಾಕಿದ್ದಲ್ಲ. ನೀನು ಮಾಡಿದ್ದು ಸರಿ ಇರುತ್ತೆ ಅಂತ ಹಾಕ್ದೆ. ನಂಗೆ ಏನೋ ಆಗಿದೆ. ಲೆಕ್ಕ ನಿಲ್ತಾ ಇಲ್ಲ. ನೀನು ಬೇರೆ ಗೈಡ್ ನೋಡ್ಕೋಬೇಕು, ಬೇಗ. ಎರಡನೇ ಅಧ್ಯಾಯ ಅವರ ಹತ್ರ ಇನ್ನೊಂದ್ಸಲ ತೋರ್ಸು.'

ಫೋನಿನಲ್ಲಿ ಕಾಲೇಜಿನ ಕಾರಿಡಾರಿನ ಸದ್ದು ಕೇಳುತ್ತಿತ್ತು. ಯಾರೋ ಓಡಿಹೋದರು. ಬಾಗಿಲೊಂದು ಹಾಕಿಕೊಂಡಿತು.

'ಸರ್...' ಎಂದಳು. ಮತ್ತೆ, 'ನಾಲ್ಕು ವರ್ಷ ಆಯ್ತು ಸರ್' ಎಂದಳು.

'ಗೊತ್ತು.'

'ಮುಂಚೇನೇ ಹೇಳಬಹುದಿತ್ತಲ್ಲ.'

ಅವನು ಹೌದು ಎಂದ. ಅವಳು ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ತಿಳಿಯಲಿಲ್ಲ. ಆಮೇಲೆ, 'ನಾನು ಆಮೇಲೆ ಮಾಡ್ತೀನಿ ಸರ್' ಎಂದು ಇಟ್ಟುಬಿಟ್ಟಳು. ಕರೆದುಕೊಂಡು ಹೋಗಲು ಬರುತ್ತೇನೆಂದು ಬೆಳಿಗ್ಗೆ ಹೇಳಿದ್ದಳು. ಆ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ.

'ಯಾಕೋ ಹೇಳ್ದೆ?' ಎಂದಳು ಅಕ್ಕ. ಬೈಗುಳವಿರಲಿಲ್ಲ ಅದರಲ್ಲಿ, ಸೋತವರ ದನಿಯಿತ್ತು. 'ನಾನು ನೋಡ್ಕೊಳ್ತಿದ್ನಲ್ಲೋ.'

'ನಿನ್ನೆ ನಿನ್ನ ಬಗ್ಗೆ ಹಾಗೆ ಅಂದ್ಬಿಟ್ಟೆ.'

'ಅಂದ್ರೇನಾಯ್ತು. ನಗು ಬರೋ ಹಾಗೇ ಇತ್ತು.'

'ಇನ್ನೂರು ಜನರ ಎದುರಿಗೆ ಅಂದೆ, ಅಕ್ಕಾ.'

ಅವಳು ತಡವಿ ತಡವಿ ಅವನ ತಲೆಯನ್ನು ಹುಡುಕಿ, ಒಮ್ಮೆ ಸವರಿ, ಕೈ ತೆಗೆದಳು. ಐವತ್ತೆಂಟು ವರ್ಷದ ಗಂಡಸಿನ ತಲೆಯನ್ನು ಹಾದಿಬೀದಿಯಲ್ಲಿ ಸವರಬಾರದೆಂದು ನೆನಪಾದವಳಂತೆ. 'ಏಳು, ಮನೆಗೆ ಹೋಗೋಣ' ಎಂದಳು.

ಗೇಟಿನೆದುರಿಗೆ, ರಸ್ತೆಯಾಚೆ ಬಸ್ ನಿಲ್ದಾಣವಿತ್ತು. ಅವನು ಅಕ್ಕನ ತೋಳು ಹಿಡಿದು ರಸ್ತೆ ದಾಟಿಸಿದ. ನೆರಳಿನ ಕಡೆ ಅವಳನ್ನು ಕೂರಿಸಿ ತಾನು ಅಂಚಿನಲ್ಲಿ ನಿಂತ. ನಿಂತ ಮೇಲೆ, ಮನೆಗೆ ಹೋಗುವ ಬಸ್ಸಿನ ನಂಬರು ಯಾವುದೆಂದು ಯೋಚಿಸಿದ. ಇಪ್ಪತ್ತು ವರ್ಷ ಹತ್ತಿ ಇಳಿದ ಬಸ್ಸು. ಅದರ ಬಣ್ಣ ನೆನಪಿತ್ತು, ಒಳಗಿನ ಸೀಟಿನ ಹರಿದ ರೆಕ್ಸಿನ್ ನೆನಪಿತ್ತು. ಅಕ್ಕನನ್ನು ಕೇಳಲು ಬಾಯಿ ಬರಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಬಸ್ಸಿನ ಸದ್ದು ಬಂದ ಕೂಡಲೇ ಅವಳೇ ಕೇಳಿದಳು, 'ಯಾವ ನಂಬರೋ? ನಂಗೆ ಕಾಣ್ತಿಲ್ಲ.'

'ಹದಿನೇಳು.'

'ನಮ್ದಲ್ಲ.'

ಬಿಸಿಲಿನಲ್ಲಿ ರಸ್ತೆ ಹೊಳೆಯುತ್ತಿತ್ತು. ಇನ್ನೊಂದು ಬಂತು. 'ಮೂವತ್ತು' ಎಂದ. ಅಲ್ಲ ಎಂದಳು. ಶಿಷ್ಯೆ ಈಗ ಯಾರಿಗೆ ಫೋನ್ ಮಾಡುತ್ತಿರಬಹುದು, ವಿಭಾಗದ ಮುಖ್ಯಸ್ಥರಿಗೆ ಯಾವ ಮಾತಿನಿಂದ ಶುರುಮಾಡುತ್ತಾಳೆ, ನಾಳೆ ಹತ್ತು ಗಂಟೆಯ ತರಗತಿಗೆ ಯಾರು ಹೋಗುತ್ತಾರೆ ಎಂದೆಲ್ಲ ಅವನ ಮನಸ್ಸು ಒಂದೊಂದೇ ಬಾಗಿಲು ತಟ್ಟಿ ನೋಡುತ್ತಿತ್ತು. ಮೂರನೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಹತ್ತಿರ ಬರುವ ತನಕ ಕಾದು ಓದಿ ಹೇಳಿದ. 'ನಲವತ್ತಾರು.'

ಬಸ್ಸು ಬಂದು ಅವರೆದುರು ನಿಂತಿತು. ಬಾಗಿಲು ತೆರೆದುಕೊಂಡಿತು, ಇಬ್ಬರು ಇಳಿದರು. ಡ್ರೈವರು ಅವನ ಕಡೆ ನೋಡಿ, ಬರ್ತೀರಾ ಎಂಬಂತೆ ಹುಬ್ಬೆತ್ತಿದ.

'ನಮ್ದೇ' ಎಂದಳು ಅಕ್ಕ, ಕೂತಲ್ಲಿಂದ ಏಳದೆ. 'ಇದು ಹೋಗ್ಲಿ. ಸ್ವಲ್ಪ ಹೊತ್ತು ಕೂತಿದ್ದು ಮುಂದಿನದಕ್ಕೆ ಹೋಗೋಣ.'

ಅವನು ಹೋಗಿ ಅವಳ ಪಕ್ಕದಲ್ಲಿ ಕೂತ. ಬಾಗಿಲು ಹಾಕಿಕೊಂಡ ಸದ್ದಾಯಿತು. ಧೂಳು ಎದ್ದು ನಿಧಾನವಾಗಿ ನೆಲಕ್ಕಿಳಿಯಿತು.

'ಹೋಯ್ತಾ?' ಎಂದು ಕೇಳಿದಳು ಅಕ್ಕ.

'ಹೋಯ್ತು' ಎಂದ.